‘ಬೆಸ್ಟ್ ಟೆಂಟ್ ಯಾವುದು?’ ಅಂತ ಕೇಳುವವರಿಗೆ

ಕಳೆದ ವಾರ ಭಾವಮೈದುನ ಫೋನ್ ಮಾಡಿದ್ದ. ಅಕ್ಟೋಬರ್ ಕೊನೆಗೆ ನಮ್ಮಲ್ಲಿಗೆ ಬರುತ್ತಿದ್ದಾನೆ. ನಾನು ಪಕ್ಕದ ಮನೆಯವರ ಜತೆ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಯ ಕ್ಯಾಂಪಿಗೆ ಹೋಗುವ ಸುದ್ದಿ ಅವನ ಅಕ್ಕನಿಂದ ಮುಟ್ಟಿದೆ, ತಾನೂ ಬರಬೇಕಂತೆ. "ಭಾವ, ಒಂದು ಒಳ್ಳೇ ಟೆಂಟ್ ಹೇಳಿ. ಬೆಸ್ಟ್ ಯಾವುದೋ ಅದರ ಲಿಂಕ್ ಹಾಕಿಬಿಡಿ, ಇಲ್ಲಿಂದಲೇ ಆರ್ಡರ್ ಮಾಡಿ ನಿಮ್ಮನೆಗೆ ತರಿಸ್ತೀನಿ" ಅಂದ. ಬೆನ್ನ ಮೇಲೆ ಹೊರ್ತೀಯೋ ಗಾಡಿ ಪಕ್ಕದಲ್ಲೇ ಹಾಕ್ತೀಯೋ, ಮರ ಇರೋ ಕಡೆಯೋ ಬೋಳುಗುಡ್ಡವೋ, ಒಬ್ಬನೇ ಮಲಗ್ತೀಯೋ ಇನ್ನೊಬ್ಬರು ಇರ್ತಾರೋ ಅಂತ ನಾನು ಶುರು ಮಾಡಿದೆ. ಮೂರನೇ ಪ್ರಶ್ನೆಗೆ ಅವನ ತಾಳ್ಮೆ ಕೆಟ್ಟಿತು. "ಹೇಳೋಕೆ ಇಷ್ಟ ಇಲ್ಲ ಅಂದ್ರೆ ಬಿಡಿ ಭಾವ. ಅಮೆರಿಕಕ್ಕೆ ಹೋದ್ಮೇಲೆ ನೀವು ಯಾವುದಕ್ಕೂ ನೇರವಾಗಿ ಉತ್ತರ ಕೊಡಲ್ಲ."

ಮಾತು ಚುಚ್ಚಿತು. ಆದರೆ ಫೋನಿಟ್ಟ ಮೇಲೆ ಯೋಚಿಸಿದಷ್ಟೂ ತಪ್ಪು ನನ್ನದಲ್ಲ ಅಂತಲೇ ಅನ್ನಿಸಿತು.

ನಾನಿರುವುದು ಕೊಲೊರಾಡೊದಲ್ಲಿ. ಬಂದೂಕು ಹಿಡಿಯುವವನಲ್ಲ. ಕ್ಯಾಂಪಿನಲ್ಲಿ ನನ್ನದು ಸೌದೆ, ನೀರು, ಅಡಿಗೆ, ಟೆಂಟ್ ಇಷ್ಟರ ಉಸ್ತುವಾರಿ. ಬೇಟೆಗಾರರು ಕಿತ್ತಳೆ ಬಣ್ಣದ ಅಂಗಿ ಟೋಪಿ ಹಾಕಿಕೊಂಡು ಬೆಳಕು ಹರಿಯುವ ಮುಂಚೆಯೇ ಹೊರಟುಬಿಡುತ್ತಾರೆ. ದಿನವಿಡೀ ಟೆಂಟಿನ ಜತೆ ಏಗುವವನು ನಾನು. ಹಾಗಾಗಿ ಅದರ ಬಗ್ಗೆ ಮಾತಾಡುವ ಅಧಿಕಾರ ಅವರಿಗಿಂತ ನನಗೇ ಒಂದು ಕೈ ಹೆಚ್ಚು ಅಂದುಕೊಂಡಿದ್ದೇನೆ.

ನಮ್ಮೂರಲ್ಲಿ ಏನು ಕೊಳ್ಳುವುದಿದ್ದರೂ ಮೊದಲ ಮಾತು ಒಂದೇ. ಮಿಕ್ಸಿ ಅಂಗಡಿಗೆ ಹೋಗಿ "ಯಾವುದು ಚೆನ್ನಾಗಿ ಓಡ್ತಿದೆ?" ಅನ್ನುತ್ತೇವೆ. ಕಾಲೇಜಿಗೂ ಅದೇ, ಡಾಕ್ಟರಿಗೂ ಅದೇ, ಛತ್ರಕ್ಕೂ ಅದೇ. ಅಂಗಡಿಯವನು ತಿರುಗಿ ನಾಲ್ಕು ಪ್ರಶ್ನೆ ಕೇಳಿದನೋ, ಇವನಿಗೇ ಏನೂ ಗೊತ್ತಿಲ್ಲ ಅಂತ ಪಕ್ಕದಂಗಡಿ ಹತ್ತುತ್ತೇವೆ. "ಇದು ತಗೊಳ್ಳಿ ಸಾರ್, ನಮ್ಮನೇಲೂ ಇದೇ ಇರೋದು" ಅಂದರೆ ವ್ಯಾಪಾರ ಮುಗಿಯಿತು. ಇನ್ನು ಟೆಂಟು ನಮಗೆ ಯಾವತ್ತೂ ಕೊಳ್ಳುವ ವಸ್ತುವೇ ಆಗಿರಲಿಲ್ಲ. ಬೇಟೆ 1972ರ ವನ್ಯಜೀವಿ ಕಾಯ್ದೆಯ ಜತೆಗೇ ಅಜ್ಜಂದಿರ ಕಥೆಯ ಪಾಲಾಯಿತು. ಹಿಮಾಲಯಕ್ಕೆ ಟ್ರೆಕ್ ಅಂತ ಹೋದರೂ ಟೆಂಟ್ ಹಾಕುವವರು ಬೇರೆ, ಬೆಳಿಗ್ಗೆ ಅದರ ಬಾಗಿಲಿಗೇ ಟೀ ತಂದುಕೊಡುವವರು ಬೇರೆ. ನಾವು ಒಳಗೆ ನುಗ್ಗಿ ಮಲಗಿ, ಬೆಳಿಗ್ಗೆ ಎದ್ದು ಫೋಟೋ ಹಾಕುತ್ತೇವೆ.

ಇಲ್ಲಿ ನನ್ನ ಪಕ್ಕದ ಮನೆಯ ಹಿರಿಯರನ್ನು ಒಳ್ಳೆಯ ಟೆಂಟ್ ಯಾವುದು ಅಂತ ಕೇಳಿ ನೋಡಿ. ಹರೆಯದಿಂದ ಇದೇ ಬೆಟ್ಟಗಳಲ್ಲಿ ಬೇಟೆಯಾಡಿದವರು, ಗ್ಯಾರೇಜಿನಲ್ಲಿ ಮೂರ್ನಾಲ್ಕು ಬಗೆಯ ಟೆಂಟ್ ಇಟ್ಟವರು. ಹೆಸರು ಮಾತ್ರ ಬಾಯಿಬಿಡುವುದಿಲ್ಲ. "ಹೊರೋರು ಯಾರು?" ಅನ್ನುತ್ತಾರೆ.

ಮೊದಮೊದಲು ಇದು ಕೊಂಕು ಅನ್ನಿಸುತ್ತದೆ. ಆದರೆ ಆ ಒಂದು ಪ್ರಶ್ನೆಗೆ ಅರ್ಧ ಅಂಗಡಿ ಖಾಲಿಯಾಗುತ್ತದೆ. ಪಿಕಪ್ ಗಾಡಿಯೋ ಕುದುರೆಯೋ ಹೊರುವುದಾದರೆ ದಪ್ಪ ಕ್ಯಾನ್ವಾಸಿನ ವಾಲ್ ಟೆಂಟ್. ಹನ್ನೆರಡಡಿ ಅಗಲ, ಹದಿನಾಲ್ಕಡಿ ಉದ್ದ, ಒಳಗೆ ನೆಟ್ಟಗೆ ನಿಂತು ಪ್ಯಾಂಟು ಹಾಕಿಕೊಳ್ಳಬಹುದು, ಹಗ್ಗ ಕಟ್ಟಿ ಒದ್ದೆ ಕಾಲುಚೀಲ ಒಣಗಿಸಬಹುದು, ಮೂಲೆಯಲ್ಲಿ ತಗಡಿನ ಒಲೆ. ಚೌಕಟ್ಟು, ಒಲೆ ಎಲ್ಲ ಸೇರಿದರೆ 45 ಕೆಜಿ ದಾಟುವುದು ಮಾಮೂಲಿ. ಇಬ್ಬರು ಹಿಡಿದರೂ ಗಾಡಿಯಿಂದ ನೂರು ಹೆಜ್ಜೆ ಒಯ್ಯುವುದು ಕಷ್ಟ. ಬೆನ್ನ ಮೇಲೆ ಹೊರುವುದಾದರೆ ಲೆಕ್ಕವೇ ಬೇರೆ, ಯಾಕೆಂದರೆ ಬೇಟೆಯಲ್ಲಿ ಬರುವಾಗಿನ ಹೊರೆ ಹೋಗುವಾಗಿನದ್ದಲ್ಲ. ಎಲ್ಕ್ ಕಡವೆಗಿಂತ ದೊಡ್ಡ ಪ್ರಾಣಿ. ಬಲಿತ ಗಂಡಿನ ಮಾಂಸ ಮೂಳೆ ಬಿಡಿಸಿದ ಮೇಲೂ 80-90 ಕೆಜಿ ತೂಗುತ್ತದೆ, ಅಷ್ಟನ್ನೂ ಬೆನ್ನ ಮೇಲೆಯೇ ಕಂತಿನಲ್ಲಿ ಇಳಿಸಬೇಕು. ಅಂಥವನಿಗೆ ಟೆಂಟಿನ ಒಂದು ಕಿಲೋ ಹೆಚ್ಚಾದರೂ ಅದು ಮೊಣಕಾಲಿಗೆ ಗೊತ್ತಾಗುತ್ತದೆ.

ಎರಡನೆಯ ಪ್ರಶ್ನೆ, ಯಾವ ತಿಂಗಳು? ಇಲ್ಲಿ ಎಲ್ಕಿಗೆ ರೈಫಲ್ ಹಂಗಾಮು ಅಕ್ಟೋಬರ್ ನಡುವಿನಿಂದ ನವೆಂಬರಿನವರೆಗೆ ನಾಲ್ಕು ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನಲ್ಲಿ ಮಧ್ಯಾಹ್ನ ಅಂಗಿ ಬಿಚ್ಚುವಷ್ಟು ಬಿಸಿಲಿದ್ದು ರಾತ್ರಿ ಮೊಣಕಾಲುದ್ದ ಹಿಮ ಬಿದ್ದರೂ ಯಾರೂ ಅಚ್ಚರಿಪಡುವುದಿಲ್ಲ. ಆದರೆ ಹಿರಿಯರು ತಿಂಗಳು ಕೇಳುವುದು ಚಳಿಗಿಂತ ಹೆಚ್ಚಾಗಿ ಕತ್ತಲೆಗೆ. ಅಕ್ಟೋಬರ್ ಕೊನೆಗೆ ಇಲ್ಲಿ ಹದಿಮೂರು ಗಂಟೆಗೂ ಮಿಕ್ಕಿ ರಾತ್ರಿ. ಬೇಸಿಗೆಯ ಚಾರಣಿಗನಿಗೆ ಟೆಂಟು ಮಲಗುವ ಜಾಗ, ಎಂಟು ಗಂಟೆ ನಿದ್ದೆ ಮಾಡಿ ಎದ್ದು ಹೋಗುತ್ತಾನೆ. ಬೇಟೆಗಾರ ಅದರೊಳಗೆ ಸಂಸಾರ ಮಾಡಬೇಕು: ಉಣ್ಣಬೇಕು, ಬೆವರಿಗೆ ನೆಂದ ಬಟ್ಟೆ ಒಣಗಿಸಬೇಕು, ಚಾಕು ಮಸೆಯಬೇಕು, ಹಿಮ ಬಿದ್ದ ದಿನ ಸುಮ್ಮನೆ ಕೂರಬೇಕು. ಅದಕ್ಕೇ ಒಲೆಯ ಮಾತು ಬರುವುದು.

ಈಚೆಗೆ ಬೆನ್ನ ಮೇಲೆ ಹೊರುವವರೂ ಒಲೆ ಒಯ್ಯುತ್ತಾರೆ. ತಳವಿಲ್ಲದ ಶಂಕುವಿನಾಕಾರದ ಟೆಂಟು, ನಡುವೆ ಒಂದೇ ಕಂಬ, ಪಕ್ಕದಲ್ಲಿ ಮಡಿಸಿಡಬಹುದಾದ ಟೈಟೇನಿಯಂ ಒಲೆ. ಎಲ್ಲ ಸೇರಿ ನಾಲ್ಕು ಕೆಜಿ ಆಸುಪಾಸು. ಇದೇನು ಹೊಸದಲ್ಲ. ಇಲ್ಲಿನ ಬಯಲುಗಳ ಮೂಲನಿವಾಸಿಗಳ ಟೀಪಿ ಅನ್ನುವ ಶಂಕುವಿನಾಕಾರದ ಗುಡಾರ ನೋಡಿ ಹೆನ್ರಿ ಸಿಬ್ಲಿ ಅನ್ನುವ ಸೇನಾಧಿಕಾರಿ 1856ರಲ್ಲೇ ಇಂಥ ಟೆಂಟಿಗೆ ಪೇಟೆಂಟ್ ಪಡೆದಿದ್ದ, ಅದರೊಳಗೂ ಒಲೆ ಇತ್ತು. ಹೊಸದಾಗಿರುವುದು ಬಟ್ಟೆ ಮತ್ತು ಲೋಹ. ಹೊಗೆಕೊಳವೆಯೇ ಒಂದು ತೆಳು ಹಾಳೆ. ಅದನ್ನು ಚಾಪೆ ಸುತ್ತಿದಂತೆ ಸುತ್ತಿ, ಮೇಲೆ ತಂತಿಯ ಬಳೆ ತೊಡಿಸಿ, ಟೆಂಟಿನ ತೂತಿನಿಂದ ಆಚೆ ತೂರಿಸಬೇಕು. ಸೆಟೆದ ಬೆರಳಲ್ಲಿ ಈ ಕೆಲಸ ಮಾಡುವಾಗ ಹಾಳೆ ಎರಡು ಸಲ ಬಿಚ್ಚಿಕೊಂಡು ಮುಖಕ್ಕೆ ಹಾರುತ್ತದೆ, ಅಂಚು ಬ್ಲೇಡಿನಷ್ಟು ಹರಿತ. ಆಮೇಲೆ ಹೆಬ್ಬೆರಳ ಗಾತ್ರದ ಚಕ್ಕೆ ನಾಲ್ಕು ತುರುಕಿದರೆ ಎರಡೇ ನಿಮಿಷಕ್ಕೆ ಒಲೆಯ ಪಕ್ಕೆ ಕೆಂಪಾಗುತ್ತದೆ. ಒಳಗೆ ಬನಿಯನ್ನಿನಲ್ಲಿ ಕೂರಬಹುದು. ಆ ಸುಖ ಬಾಯಲ್ಲಿ ಹೇಳುವಂಥದ್ದಲ್ಲ. ಆದರೆ ಪುಟ್ಟ ಒಲೆ, ಗಂಟೆಯೊಳಗೆ ತಣ್ಣಗಾಗುತ್ತದೆ. ರಾತ್ರಿ ಎರಡಕ್ಕೆ ಎಚ್ಚರವಾದಾಗ ಒಳಗೂ ಹೊರಗೂ ಒಂದೇ ಚಳಿ. ರಾತ್ರಿಯಿಡೀ ಉರಿಸೋಣ ಅಂದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡಿನ ಭಯ. ಅದಕ್ಕೆಂದೇ ಬ್ಯಾಟರಿಯ ಅಲಾರಂ ಒಂದು ತಲೆದೆಸೆಯಲ್ಲಿರುತ್ತದೆ.

ಹಾಗಾದರೆ ಒಲೆಯ ಟೆಂಟೇ ಬೆಸ್ಟ್ ಅಂದುಬಿಡೋಣವೇ? ಅಷ್ಟರಲ್ಲಿ ಹಿರಿಯರ ಮೂರನೇ ಪ್ರಶ್ನೆ ಬರುತ್ತದೆ: ಎಷ್ಟು ಎತ್ತರ? ಕೊಲೊರಾಡೊದಲ್ಲಿ ಹೆಚ್ಚುಕಡಿಮೆ 11,500 ಅಡಿಯ ಮೇಲೆ ಮರಗಳೇ ಇಲ್ಲ. ಸೌದೆ ಇಲ್ಲದ ಕಡೆ ಒಲೆ ಹೊತ್ತು ಹೋದವನಿಗೆ ಏನು ಹೇಳುವುದು! ಅಲ್ಲಿ ಬೇಕಾದ್ದು ಗಾಳಿಗೆ ಜಗ್ಗದ, ಕಂಬಿಗಳು ಒಂದರ ಮೇಲೊಂದು ಹಾಯ್ದ, ಎರಡು ಪದರದ ‘ನಾಲ್ಕು ಋತುವಿನ’, ಅಂದರೆ ಚಳಿಗಾಲಕ್ಕೂ ಆಗುವ ಟೆಂಟು, ಹೊರಪದರ ನೆಲ ಮುಟ್ಟುವಂಥದ್ದು. ಸ್ವೀಡನ್ನಿನ ಹಿಲ್ಲೆಬರ್ಗ್ ಕಂಪನಿಯ ಟೆಂಟಿಗೆ ಜನ ಅಷ್ಟೊಂದು ಡಾಲರ್ ಸುರಿಯುವುದು ಇಂಥ ರಾತ್ರಿಗಾಗಿ. ಮರಗಳ ನಡುವೆ ಅಂದಿರೋ, ಅಲ್ಲಿ ಬೇರೆ ತಕರಾರು. ತೊಗಟೆ ಕೊರೆಯುವ ಹುಳು ಈ ರಾಜ್ಯದಲ್ಲಿ ಲಕ್ಷಾಂತರ ಎಕರೆ ಪೈನ್ ಕಾಡನ್ನು ನಿಂತಲ್ಲೇ ಒಣಗಿಸಿದೆ. ಗಾಳಿಗೆ ಯಾವಾಗ ಯಾವುದು ಬೀಳುತ್ತದೋ ಹೇಳುವಂತಿಲ್ಲ. ಹಿರಿಯರು ಟೆಂಟು ಬಿಚ್ಚುವ ಮುಂಚೆ ಐದು ನಿಮಿಷ ಕತ್ತೆತ್ತಿ ಮೇಲೇ ನೋಡುತ್ತಾರೆ. ಬಿಡಿಸಿದ ಟೆಂಟು ದೊಡ್ಡದಾಗಿದ್ದರೆ ಒಣಮರವಿಲ್ಲದ ಸಮತಟ್ಟು ಜಾಗ ಸಿಗುವುದೇ ದುರ್ಲಭ, ಅದೂ ಆಯ್ಕೆಯಲ್ಲಿ ಲೆಕ್ಕಕ್ಕೆ ಬರುತ್ತದೆ. ಕಣಿವೆಯ ತಳದಲ್ಲಿ ಜಾಗ ಚೆನ್ನಾಗಿರುತ್ತದೆ, ಆದರೆ ರಾತ್ರಿಯ ತಣ್ಣನೆ ಗಾಳಿ ಇಳಿದು ನಿಲ್ಲುವುದು ಅಲ್ಲೇ.

ಎಷ್ಟು ಜನ ಅನ್ನುವುದು ಅವರ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ, ನಮ್ಮವರಿಗೆ ಮೊದಲು. ‘ನಾಲ್ಕು ಜನಕ್ಕೆ’ ಅಂತ ಬರೆದಿದ್ದರೆ ಚಳಿಗಾಲದ ಸಾಮಾನಿನ ಸಮೇತ ಇಬ್ಬರಿಗೆ, ಒಲೆ ಇಟ್ಟರೆ ಇಬ್ಬರಿಗೆ ಇಕ್ಕಟ್ಟು. ಅದನ್ನು ಹೇಳಿದರೆ ಊರಿನವರ ಉತ್ತರ ಸಿದ್ಧ: ಅಡ್ಜಸ್ಟ್ ಮಾಡ್ಕೊಂಡ್ರಾಯ್ತು ಬಿಡಿ. ನಾಲ್ವರು ಅಡ್ಜಸ್ಟ್ ಮಾಡಿಕೊಳ್ಳಬಹುದು, ಅವರ ಉಸಿರು ಮಾಡಿಕೊಳ್ಳುವುದಿಲ್ಲ. ಚಳಿ ಅಂತ ಎಲ್ಲ ಜಿಪ್ ಎಳೆದು ಮಲಗಿದರೆ ಆ ಉಸಿರಿನ ನೀರೆಲ್ಲ ಬಟ್ಟೆಯ ಒಳಮೈಗೆ ಹಿಮದ ಹೊಟ್ಟಾಗಿ ಅಂಟುತ್ತದೆ. ಬೆಳಿಗ್ಗೆ ಒಬ್ಬ ಮೊಣಕೈ ತಾಗಿಸಿದರೆ ಸಾಕು, ಎಲ್ಲರ ಮೇಲೂ ಉದುರಿ, ಕರಗಿ, ಗರಿಯ ಸ್ಲೀಪಿಂಗ್ ಬ್ಯಾಗ್ ನೆನೆದು ಮುದ್ದೆ. ಒಮ್ಮೆ ನೆನೆದ ಗರಿ ಆ ಬೆಟ್ಟದಲ್ಲಿ ಮತ್ತೆ ಉಬ್ಬುವುದಿಲ್ಲ. ಅದಕ್ಕೇ ಮೇಲೊಂದು ಕೆಳಗೊಂದು ಗಾಳಿಕಿಂಡಿ ಇರುವ ಟೆಂಟ್ ನೋಡಬೇಕು, ಎಷ್ಟೇ ಚಳಿಯಿದ್ದರೂ ಎರಡನ್ನೂ ತೆರೆದೇ ಮಲಗಬೇಕು. ಕಿವಿಗೆ ಮಫ್ಲರ್ ಸುತ್ತಿ ಕಿಟಕಿಯ ಸಂದಿಗೆ ಬಟ್ಟೆ ತುರುಕಿ ಬೆಳೆಸಿದ ನಮ್ಮ ಅಮ್ಮಂದಿರ ಮಕ್ಕಳಿಗೆ ಇದನ್ನು ಒಪ್ಪಿಸುವುದು ಸುಲಭವಲ್ಲ.

ಸಣ್ಣಪುಟ್ಟದ್ದು ಇನ್ನೂ ಇದೆ. ಟೆಂಟಿನ ಮುಂದೆ ಚಾಚಿದ ಒಂದು ಮೊಗಸಾಲೆ ಬೇಕೇಬೇಕು, ಯಾಕೆಂದರೆ ರೈಫಲ್ಲನ್ನು ಬೆಚ್ಚಗಿನ ಒಳಗೆ ತರಬಾರದು. ತಂದರೆ ತಣ್ಣನೆಯ ಲೋಹಕ್ಕೂ ದುರ್ಬೀನಿಗೂ ತೇವ ಕೂತು, ಬೆಳಿಗ್ಗೆ ಹೊರಗೆ ಒಯ್ದಾಗ ಅದೇ ಗಡ್ಡೆ ಕಟ್ಟುತ್ತದೆ. ಗುಂಡು ಖಾಲಿ ಮಾಡಿ ಅಲ್ಲೇ ಚಳಿಯಲ್ಲಿ ಬಿಡುತ್ತಾರೆ. ಸಿಲ್ ನೈಲಾನ್, ಅಂದರೆ ಸಿಲಿಕೋನ್ ಬಳಿದ ನೈಲಾನ್ ಬಟ್ಟೆ ನೆಂದರೆ ಜೋಲುತ್ತದೆ, ಮಲಗುವ ಮುಂಚೆ ಹಗ್ಗಗಳನ್ನು ಇನ್ನೊಂದು ಸುತ್ತು ಬಿಗಿಯಬೇಕು. ಪಾಲಿಯೆಸ್ಟರಿಗೆ ಈ ಕಾಟ ಕಡಿಮೆ. ಟೆಂಟಿನ ಜತೆ ಕೊಡುವ ಅಲ್ಯೂಮಿನಿಯಂ ಗೂಟ ಹೆಪ್ಪುಗಟ್ಟಿದ ನೆಲಕ್ಕೆ ಹೊಡೆದರೆ ಬಾಗುತ್ತದೆ, ಉದ್ದ ಕಬ್ಬಿಣದ ಮೊಳೆ ಬೇಕು. ಇವೆಲ್ಲ ಯಾವ ಲಿಂಕಿನಲ್ಲಿ ಬರುತ್ತವೆ?

ಇಷ್ಟು ಹೇಳಿದ ಮೇಲೆ ಇಲ್ಲಿಯವರನ್ನೂ ಪೂರ್ತಿ ಹೊಗಳುವ ಹಾಗಿಲ್ಲ. ಪ್ರಶ್ನೆ ಕೇಳುವ ಚಟಕ್ಕೂ ಒಂದು ಹುಚ್ಚಿದೆ. ಅಡಿಗೆಮನೆಯ ತಕ್ಕಡಿಯಲ್ಲಿ ಗೂಟಗಳನ್ನು ಒಂದೊಂದಾಗಿ ತೂಗಿ, ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿ, ಎಕ್ಸೆಲ್ ಹಾಳೆಯಲ್ಲಿ ಗ್ರಾಂ ಲೆಕ್ಕ ಬರೆದಿಟ್ಟ ಸಹೋದ್ಯೋಗಿಯೊಬ್ಬ ನನಗೆ ಗೊತ್ತು. ಬೇಸಿಗೆ ಪೂರ್ತಿ ಎರಡು ಟೆಂಟುಗಳ ನಡುವೆ ತೂಗಾಡಿದ, ಹಂಗಾಮು ಮುಗಿಯಿತು. ನಮ್ಮವರಾಗಿದ್ದರೆ ಸಿಕ್ಕಿದ್ದನ್ನು ಕಟ್ಟಿಕೊಂಡು ಹೋಗಿ, ನಡುಗಿ, ಬೈದುಕೊಂಡು, ಅಂತೂ ಬೆಟ್ಟ ನೋಡಿ ಬಂದಿರುತ್ತಿದ್ದರು.

ಇನ್ನೊಂದು ಮಾತನ್ನೂ, ಮನಸ್ಸಿಲ್ಲದಿದ್ದರೂ, ಹೇಳಬೇಕು. ಈ ಪ್ರಶ್ನೆಗಳೆಲ್ಲ ಮುಗಿದ ಮೇಲೂ ಟೆಂಟು ತಡೆಯುವುದು ಗಾಳಿ ಮತ್ತು ತೇವವನ್ನು, ಚಳಿಯನ್ನಲ್ಲ. ಒಲೆ ಆರಿದ ಮೇಲೆ ಮೈಯ ಕಾವನ್ನು ಹೀರುವುದು ನೆಲ. ಅದನ್ನು ನನ್ನಜ್ಜನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಹಂದಿ ಕಾಯಲು ಗದ್ದೆಯ ಮಾಳದಲ್ಲಿ ಮಲಗುವಾಗ ಮೊಳದೆತ್ತರ ಹುಲ್ಲು ಹಾಸಿ ಅದರ ಮೇಲೆ ಕಂಬಳಿ ಎರಡು ಮಡಿಕೆ ಹಾಕುತ್ತಿದ್ದ, ಹೊದೆಯಲು ಒಂದೇ. ಇಲ್ಲಿ ಹಾಸಿಗೆ ನೆಲದ ಚಳಿಯನ್ನು ಎಷ್ಟು ತಡೆಯುತ್ತದೆ ಅನ್ನುವುದಕ್ಕೆ ಆರ್-ವ್ಯಾಲ್ಯೂ ಅಂತ ಅಂಕೆ ಹಚ್ಚಿ ಮಾರುತ್ತಾರೆ. ಬೇಸಿಗೆಯ ಹಾಸಿಗೆಗೆ 2 ಇದ್ದರೆ ಆಯಿತು, ಹಿಮದ ಮೇಲೆ 5ಕ್ಕಿಂತ ಕಡಿಮೆ ಬೇಡ. ಅಂಕೆಗಳು ಕೂಡುತ್ತವೆ ಅನ್ನುವುದೂ ಒಂದು ಅನುಕೂಲ, ಹಾಗಾಗಿ ಗಾಳಿ ತುಂಬುವ ಹಾಸಿಗೆಯ ಕೆಳಗೆ ಅಗ್ಗದ ಫೋಮ್ ಚಾಪೆಯೊಂದನ್ನು ಹಾಸಬಹುದು. ನಡುರಾತ್ರಿ ಮುಳ್ಳು ಚುಚ್ಚಿ ಮೇಲಿನದು ಗಾಳಿ ಬಿಟ್ಟರೆ ಬೆಳಗಿನ ತನಕ ಆ ಚಾಪೆಯೇ ಗತಿ, ಟೆಂಟು ಸ್ವೀಡನ್ನಿನದಾಗಿದ್ದರೂ.