ಶೆಡ್ ಕಟ್ಟಿದ ಕ್ಲಬ್ಬುಗಳು ಇನ್ನು ಬಸ್ಸಿನ ಲೆಕ್ಕ ಬರೆಯಲಿ

ಕುಂಬಳೆಯಿಂದ ಕಾಸರಗೋಡಿಗೆ ಹೋಗುವ ದಾರಿಯಲ್ಲಿ ನಮ್ಮೂರ ಕ್ಲಬ್ಬಿನವರು ಕಟ್ಟಿದ ಒಂದು ವೈಟಿಂಗ್ ಶೆಡ್ ಇತ್ತು. ಅದನ್ನು ಕಟ್ಟುವಾಗ ನಾನು ಹೈಸ್ಕೂಲಿನಲ್ಲಿದ್ದೆ. ಆದಿತ್ಯವಾರ ಬಂತೆಂದರೆ ಶ್ರಮದಾನ. ಹೊಯ್ಗೆ ಹೊತ್ತದ್ದು, ಕೆಂಪುಕಲ್ಲು ಎತ್ತಿಕೊಟ್ಟದ್ದು ಎಲ್ಲ ನೆನಪಿದೆ. ಗಲ್ಫಿನಲ್ಲಿದ್ದ ಹುಡುಗರು ಹಣ ಕಳುಹಿಸಿದ್ದರು. ತೀರಿಹೋದ ಒಬ್ಬ ಮಾಷ್ಟ್ರ ಹೆಸರನ್ನು ಕನ್ನಡದಲ್ಲೂ ಮಲಯಾಳದಲ್ಲೂ ಕೆತ್ತಿಸಿದ ಕಲ್ಲು ಹಾಕಿದ್ದೆವು. ಜೂನ್ ತಿಂಗಳ ಗಾಳಿಮಳೆಗೆ ಶಾಲೆ ಮಕ್ಕಳು, ಮೀನಿನ ಬುಟ್ಟಿ ಇಟ್ಟುಕೊಂಡ ಹೆಂಗಸರು, ಮಂಗಳೂರಿನ ಆಸ್ಪತ್ರೆಗೆ ಹೊರಟ ಮುದುಕರು ಎಲ್ಲರೂ ಅದರೊಳಗೆ ಒತ್ತಿಕೊಂಡು ನಿಲ್ಲುತ್ತಿದ್ದರು.

ಹೆದ್ದಾರಿ 66 ಆರು ಪಥ ಆಗುವಾಗ ಆ ಶೆಡ್ ಹೋಯಿತು. ನಾನು ರಸ್ತೆಯ ವಿರೋಧಿ ಅಲ್ಲ. ದೊಡ್ಡ ಕಾಯಿಲೆ ಬಂದರೆ ನಲವತ್ತು ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೇ ಓಡಬೇಕಾದ ನಮಗೆ ಒಳ್ಳೆಯ ರಸ್ತೆಯ ಬೆಲೆ ಗೊತ್ತಿದೆ. ಕಾಸರಗೋಡು ಪೇಟೆಯಲ್ಲಿ ಒಂದೇ ಸಾಲು ಕಂಬಗಳ ಮೇಲೆ ಎದ್ದ ಮೇಲ್ಸೇತುವೆಯ ಕೆಳಗೆ ನಡೆದು ಹೋಗುವಾಗ ಖುಷಿಯೇ ಆಗುತ್ತದೆ. ಆದರೆ ಪೇಟೆ ದಾಟಿದ ಮೇಲೆ ನಡೆಯುವವರ, ಬಸ್ಸಿಗೆ ಕಾಯುವವರ ಕತೆ ಬೇರೆ.

ನನ್ನ ಚಿಕ್ಕಮ್ಮ ವಾರಕ್ಕೆ ಆರು ದಿನ ಕೆಲಸಕ್ಕೆ ಕಾಸರಗೋಡಿನ ವಿದ್ಯಾನಗರಕ್ಕೆ ಹೋಗುತ್ತಾರೆ. ಮೊದಲು ಮನೆಯ ಓಣಿಯಿಂದ ಹೊರಬಂದು ರಸ್ತೆ ದಾಟಿದರೆ ಬಸ್ಸು ಸಿಗುತ್ತಿತ್ತು. ಈಗ ಎದುರಿಗೆ ಗೋಡೆ. ಅಂಡರ್‌ಪಾಸ್‌ವರೆಗೆ ನಡೆದು, ಅದರೊಳಗೆ ದಾಟಿ, ಮತ್ತೆ ಅಷ್ಟೇ ದೂರ ಹಿಂದೆ ಬಂದು ಸರ್ವಿಸ್ ರೋಡಿನ ಬದಿಯಲ್ಲಿ ಬಿಸಿಲಿಗೆ ನಿಲ್ಲಬೇಕು. ಕೆಲವು ಬಸ್ಸುಗಳು ಸರ್ವಿಸ್ ರೋಡಿಗೆ ಇಳಿಯುವುದೇ ಇಲ್ಲ. ಮೇಲಿನ ದಾರಿಯಲ್ಲೇ ಹೋಗಿಬಿಡುತ್ತವೆ. "ಬಸ್ಸು ಕಾಣ್ತದೆ ಮಗಾ, ಆದರೆ ಸಿಗುವುದಿಲ್ಲ" ಎಂದರು ಒಂದು ದಿನ. ಅವರ ಮಗ ಕಳೆದ ವರ್ಷ ಸಾಲ ಮಾಡಿ ಸ್ಕೂಟರ್ ತೆಗೆದುಕೊಂಡ. ಬಸ್ಸು ನಂಬಲಾಗದ ಊರಲ್ಲಿ ಜನ ಹೀಗೆಯೇ ಒಬ್ಬೊಬ್ಬರಾಗಿ ಬಸ್ಸು ಬಿಡುತ್ತಾರೆ. ಅವರದ್ದು ತಪ್ಪು ಎಂದು ನಾನು ಹೇಳಲಾರೆ.

ಈಗ ನಮ್ಮ ಕ್ಲಬ್ಬಿನಲ್ಲಿ ಹೊಸ ಶೆಡ್ ಕಟ್ಟುವ ಮಾತು ನಡೆಯುತ್ತಿದೆ. ಕಟ್ಟೋಣ, ನೆರಳು ಬೇಕೇ ಬೇಕು. ಆದರೆ ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಮಾಡಬೇಕು ಎಂದು ನಾನು ಮೀಟಿಂಗಿನಲ್ಲಿ ಹೇಳಿದೆ. ಅದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ನಾವು ಒಂದು ನೋಟ್‌ಬುಕ್ ಹಿಡಿದು ಕೂರಬೇಕು. ಬೆಳಗ್ಗೆ ಏಳರಿಂದ ಹತ್ತು, ಸಂಜೆ ನಾಲ್ಕರಿಂದ ಎಂಟು. ಎಷ್ಟು ಬಸ್ಸು ಬಂತು, ಎಷ್ಟು ನಿಂತಿತು, ಎಷ್ಟು ಜನ ಕಾದರು, ಎಷ್ಟು ಜನ ಗೋಡೆ ಹತ್ತಿ ದಾಟಿದರು, ಅವರಲ್ಲಿ ಮಕ್ಕಳೆಷ್ಟು. ಒಂದು ವಾರ ಹೀಗೆ ಬರೆದರೂ ಸಾಕು. ಮನವಿ ಕೊಡುವಾಗ "ಜನರಿಗೆ ತುಂಬ ತೊಂದರೆ" ಎಂದು ಬರೆದರೆ ಅದು ಫೈಲಿಗೆ ಹೋಗುತ್ತದೆ. ಲೆಕ್ಕ ಕೊಟ್ಟರೆ ಆಫೀಸಿನಲ್ಲಿ ಕೂತವರು ಅದಕ್ಕೆ ಉತ್ತರ ಹೇಳಲೇಬೇಕಾಗುತ್ತದೆ.

ಖಾಸಗಿ ಬಸ್ಸುಗಳ ಸಮಯವನ್ನು ನಿಗದಿ ಮಾಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಯಾವ ಬಸ್ಸು ಎಷ್ಟು ಗಂಟೆಗೆ ಎಲ್ಲಿಂದ ಹೊರಡಬೇಕು ಎಂಬುದು ಪರ್ಮಿಟ್ಟಿನ ಜೊತೆಗೇ ಇರುತ್ತದೆ. ರಾತ್ರಿಯ ಕೊನೆಯ ಟ್ರಿಪ್ ಕಟ್ ಆದಾಗ ನಾವು ಕಂಡಕ್ಟರನ ಹತ್ತಿರ ಜಗಳ ಮಾಡುತ್ತೇವೆ. ಪಾಪ, ಅವನ ಕೈಯಲ್ಲಿ ಏನುಂಟು? ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಆ ಸಮಯದ ಪಟ್ಟಿ ಕೇಳಬಹುದು. ಪಟ್ಟಿಯನ್ನೂ ನಮ್ಮ ನೋಟ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟರೆ ಓಡಬೇಕಾದ ಬಸ್ಸು ಯಾವುದು, ಓಡಿದ ಬಸ್ಸು ಯಾವುದು ಎಂದು ಗೊತ್ತಾಗುತ್ತದೆ. ಇದಕ್ಕೆ ಇಂಜಿನಿಯರ್ ಬೇಕಾಗಿಲ್ಲ, ಪ್ಲಸ್ ಟು ಮಕ್ಕಳು ಸಾಕು.

ಇದೆಲ್ಲ ದೊಡ್ಡ ಊರಿನ ಎನ್‌ಜಿಒಗಳ ಕೆಲಸ ಎಂದು ಒಬ್ಬರು ಹೇಳಿದರು. ಹಾಗೇನಿಲ್ಲ. ನೆದರ್ಲೆಂಡ್ಸ್ ಅಂದರೆ ಈಗ ನಮಗೆ ಸೈಕಲ್ಲೇ ನೆನಪಾಗುತ್ತದೆ ಅಲ್ವಾ? ಅಲ್ಲಿಯೂ ಒಂದು ಕಾಲದಲ್ಲಿ ಕಾರುಗಳೇ ಬೀದಿ ತುಂಬಿದ್ದವು. 1971ರಲ್ಲಿ ಅಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತಗಳಲ್ಲಿ ಸತ್ತರು. ಮಗಳನ್ನು ಕಳೆದುಕೊಂಡ ಒಬ್ಬ ಪತ್ರಕರ್ತ 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ಬರೆದರು. ಅದೇ ಹೆಸರಿನಲ್ಲಿ ಅಪ್ಪ ಅಮ್ಮಂದಿರ ಸಂಘ ಹುಟ್ಟಿತು. ಬೀದಿಯಲ್ಲಿ ಕೂತು ರಸ್ತೆ ತಡೆದರು. ಯಾವ ಬೀದಿ ಹೇಗಿದ್ದರೆ ಮಕ್ಕಳು ಉಳಿಯುತ್ತಾರೆ ಎಂಬುದನ್ನೂ ಯೋಚಿಸಿ ಹೇಳಿದರು. ಮುಂದೆ ಸರಕಾರವೇ ಆ ಸಂಘಕ್ಕೆ ನೆರವು ಕೊಟ್ಟಿತು. ಅದು ಶುರುವಾದದ್ದು ಮನೆಮಂದಿಯಿಂದಲೇ.

ದೆಹಲಿಯ ಬಸ್ಸುಗಳು ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬಂದ ಕತೆಯೂ ನಮಗೆ ಪಾಠ. ವಾಹನಗಳ ಹೊಗೆಯ ವಿರುದ್ಧ ಕೋರ್ಟಿಗೆ ಹೋಗಿದ್ದವರು ವಕೀಲ ಎಂ.ಸಿ. ಮೆಹ್ತಾ. ಅಂಕಿಅಂಶ ಹಿಡಿದು ವರ್ಷಗಟ್ಟಲೆ ವಾದಿಸಿದ್ದು ಅನಿಲ್ ಅಗರ್ವಾಲ್ ಕಟ್ಟಿದ ಸಿಎಸ್‌ಇ ಎಂಬ ಪರಿಸರ ಸಂಸ್ಥೆ. 1998ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು. ಎಲ್ಲ ಬಸ್ಸುಗಳೂ ಬದಲಾಗುವಾಗ 2002 ಮುಗಿಯುತ್ತಾ ಬಂದಿತ್ತು. ಆದೇಶ ಸಿಕ್ಕಿತೆಂದು ಅವರು ಮನೆಗೆ ಹೋಗಿದ್ದರೆ ಆ ಕೆಲಸ ಅಲ್ಲೇ ನಿಲ್ಲುತ್ತಿತ್ತೋ ಏನೋ. ಬೆಂಗಳೂರಿನಲ್ಲಿ 2016ರ ಅಕ್ಟೋಬರಿನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಎಂದು ಮಾನವ ಸರಪಳಿ ಮಾಡಿದವರು, ಸ್ವಲ್ಪ ದಿನದಲ್ಲೇ ಉಪನಗರ ರೈಲು ಬೇಕು ಎಂದೂ ಕೇಳಿದರು. ಬೇಡ ಎಂದವರು ಏನು ಬೇಕು ಎಂದೂ ಹೇಳಿದರು, ಅದು ನನಗೆ ಇಷ್ಟ.

ನಮ್ಮಲ್ಲಿ ಕ್ಲಬ್ಬುಗಳಿಗೇನು ಬರವೇ? ವಾಚನಾಲಯ ಉಂಟು, ಹೆಂಗಸರ ಕುಟುಂಬಶ್ರೀ ಉಂಟು, ರೈಲು ಪ್ರಯಾಣಿಕರ ಸಂಘ ಉಂಟು, ಗ್ರಾಮಸಭೆ ಉಂಟು. ಆದರೆ ಜೂನ್ 5ರ ಪರಿಸರ ದಿನ ಬಂದರೆ ಒಂದು ಸೈಕಲ್ ಜಾಥಾ ಮಾಡಿ, ಫೋಟೋ ತೆಗೆದು ಮುಗಿಸುತ್ತೇವೆ. ಅದಕ್ಕೆ ಹಾಕುವ ಟೀಶರ್ಟಿನ ಹಣದಲ್ಲಿ ನಾಲ್ಕು ನಿಲ್ದಾಣಕ್ಕೆ ಬಸ್ಸಿನ ಸಮಯದ ಬೋರ್ಡು ಹಾಕಬಹುದು. ಆ ಬೋರ್ಡು ಕನ್ನಡದಲ್ಲೂ ಇರಬೇಕು. ಚಿಕ್ಕಮ್ಮನಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಬರೀ ಮಲಯಾಳ ಬೋರ್ಡಿನ ಬಸ್ಸು ಬಂದರೆ ಪಕ್ಕದವರನ್ನು ಕೇಳಿಯೇ ಹತ್ತಬೇಕು. ಇಷ್ಟು ವರ್ಷ ಓಡಾಡಿದ ದಾರಿಯಲ್ಲಿ ಹಾಗೆ ಕೇಳಬೇಕಾಗುವುದು ಅವರಿಗೆ ನೋವು. ಇದೂ ಸಾರಿಗೆಯ ವಿಷಯವೇ ಎಂದು ನಾನು ನಂಬಿದ್ದೇನೆ.

ಎಲ್ಲ ಸಂಘವೇ ಮಾಡಿದರೆ ಸರಕಾರ ಯಾಕೆ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಬಸ್ಸು ಓಡಿಸುವುದು, ಫುಟ್‌ಪಾತ್ ಹಾಕುವುದು ಸಂಘದ ಕೆಲಸವಲ್ಲ, ಅದರಿಂದ ಆಗುವುದೂ ಇಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ವಾಹನಗಳಿಗಿಂತ ಜನ ಸಾಗುವುದು ಮುಖ್ಯ ಎನ್ನುತ್ತದೆ. ಆ ಮಾತನ್ನು ನಮ್ಮ ಸರ್ವಿಸ್ ರೋಡಿನವರೆಗೆ ತರುವವರು ಬೇಕು. ಪಕ್ಷದವರು ಮಾತಾಡಿದರೆ ಇನ್ನೊಂದು ಪಕ್ಷದವರು ದೂರ ನಿಲ್ಲುತ್ತಾರೆ. ಸಂಘದ ನೋಟ್‌ಬುಕ್ಕಿಗೆ ಆ ತೊಂದರೆ ಇಲ್ಲ. ಒಂದು ಮಾತು ಮಾತ್ರ ಮೊದಲೇ ಹೇಳಿದ್ದೇನೆ: ಬಸ್ಸಿನವರ ಹತ್ತಿರ, ರಸ್ತೆ ಕೆಲಸದವರ ಹತ್ತಿರ ಇದಕ್ಕೆಂದು ದುಡ್ಡು ತೆಗೆದುಕೊಳ್ಳಬಾರದು. ಖರ್ಚಿನ ಲೆಕ್ಕ ವಾಚನಾಲಯದ ಗೋಡೆಗೆ ಅಂಟಿಸಬೇಕು.

ಬರುವ ಸೋಮವಾರ ಶುರು ಮಾಡುತ್ತೇವೆ. ಸಂಜೆಯ ಪಾಳಿಗೆ ಇನ್ನೂ ಮೂವರು ಬೇಕು. ಕುಂಬಳೆ, ಮೊಗ್ರಾಲ್ ಕಡೆಯವರು ಯಾರಾದರೂ ಬಂದರೆ ಖುಷಿ. ಬಂದ್ಯೋಡು, ಉಪ್ಪಳದ ಕ್ಲಬ್ಬಿನವರು ನಿಮ್ಮ ನಿಲ್ದಾಣದಲ್ಲೇ ಕೂತರೆ ಇನ್ನೂ ಒಳ್ಳೆಯದು. ಬೆಳಗ್ಗಿನ ಮೊದಲ ಪುಟ ಚಿಕ್ಕಮ್ಮ ತಾನೇ ಬರೆಯುತ್ತೇನೆ ಎಂದಿದ್ದಾರೆ. ಹೇಗೂ ಏಳು ಗಂಟೆಗೆ ಅವರು ಅಲ್ಲೇ ನಿಂತಿರುತ್ತಾರೆ.