ಕೆಂಪು ದೀಪಕ್ಕೆ ಒಂದೇ ಮದ್ದಾ?

ನಿನ್ನೆ ಮಗಳ ಆನ್‌ಲೈನ್ ಪರೀಕ್ಷೆ ಮುಗಿಯಲು ಇನ್ನು ಹತ್ತೇ ನಿಮಿಷ. ಇಂಟರ್ನೆಟ್ ಡಬ್ಬಿಯಲ್ಲಿ 'ಎಲ್‌ಒಎಸ್' ದೀಪ ಕೆಂಪಗೆ ಮಿಣುಕತೊಡಗಿತು. ಅಂದರೆ ಇಂಟರ್ನೆಟ್ ಅನ್ನು ಬೆಳಕಾಗಿ ಹೊತ್ತು ತರುವ ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ. ಎಲ್ಲೋ ಕೇಬಲ್ ತುಂಡಾಗಿರಬೇಕು. ಇಂಟರ್ನೆಟ್, ಕೇಬಲ್ ಟಿವಿ ಎರಡನ್ನೂ ಕೊಡುವ ಕಂಪನಿಗೆ ಫೋನ್ ಮಾಡಿದರೆ ಮತ್ತದೇ ಮಾತು, "ಒಮ್ಮೆ ಆಫ್ ಮಾಡಿ ಆನ್ ಮಾಡಿ." ತುಂಡಾದ ಕೇಬಲ್ ಅಷ್ಟಕ್ಕೇ ಕೂಡಿಕೊಳ್ಳುತ್ತದಾ?

ಒಂದು ಒತ್ತಿ, ನಾಲ್ಕು ಒತ್ತಿ, ಕಾಯಿರಿ. ಇಪ್ಪತ್ತು ನಿಮಿಷ ಸುಮ್ನೆ ಸಂಗೀತ ಕೇಳಿಸಿ ಕಾಲ್ ಕಟ್. ಸಂಜೆ ಮೆಸೇಜ್ ಬಂತು, "ನಿಮ್ಮ ದೂರು ಬಗೆಹರಿದಿದೆ." ಯಾರು ಬಂದರು? ಯಾವಾಗ ಬಂದರು? ದೀಪ ಇನ್ನೂ ಕೆಂಪಗೇ ಇದೆ!

1948ರ ಸುಮಾರಿಗೆ ಅಮೆರಿಕದ ಗುಡ್ಡಗಾಡಿನ ಊರುಗಳಲ್ಲಿ ಎತ್ತರಕ್ಕೆ ಆಂಟೆನಾ ನೆಟ್ಟು, ಮನೆಮನೆಗೆ ತಂತಿ ಎಳೆದರು. ಸಿಗ್ನಲ್ ಸಿಗದವರಿಗೂ ಟಿವಿ ಸಿಗಲಿ ಅಂತಲೇ ಕೇಬಲ್ ಟಿವಿ ಹುಟ್ಟಿದ್ದು, ಅಲ್ವಾ? ಈಗ ತಪ್ಪದೆ ಮನೆಗೆ ಬರುವುದು ಬಿಲ್ ಒಂದೇ. ಅದರಲ್ಲಿ ನಾವು ಒಂದು ದಿನವೂ ನೋಡದ ಚಾನೆಲ್‌ಗಳು ಬೇರೆ.

ಜಾಹೀರಾತಿನಲ್ಲಿ ಇಂಟರ್ನೆಟ್ ವೇಗ 100 ಎಂಬಿಪಿಎಸ್ ಅಂತ ದೊಡ್ಡದಾಗಿ ಬರೆಯುತ್ತಾರೆ. ಅದು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನುವ ಲೆಕ್ಕ. ಎಂಟು ಬಿಟ್‌ಗೆ ಒಂದು ಬೈಟ್, ಅಂದರೆ ಸೆಕೆಂಡಿಗೆ ಜಾಸ್ತಿ ಅಂದರೆ 12.5 ಎಂಬಿ. ಆ 100ರ ಪಕ್ಕದಲ್ಲೇ ಇರುವೆ ಗಾತ್ರದ ಅಕ್ಷರದಲ್ಲಿ 'ವರೆಗೆ'. ಬಿಲ್ಲಿನಲ್ಲಿ ಯಾಕೆ ಆ 'ವರೆಗೆ' ಇರುವುದಿಲ್ಲ?

ಮಗಳು ಬರೆದ ಉತ್ತರಗಳು ಸಬ್ಮಿಟ್ ಆಗಲೇ ಇಲ್ಲ.