ಡಿಸೆಂಬರ್ ಎಂಬ ಶೂನ್ಯಮಾಸ

ನಮ್ಮ ಕಡೆ ಧನುರ್ಮಾಸವನ್ನು ಶೂನ್ಯಮಾಸ ಅನ್ನುತ್ತಾರೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೆಣ್ಣು ನೋಡುವ ಶಾಸ್ತ್ರವೂ ಇಲ್ಲ. ಲಂಡನ್ನು, ನ್ಯೂಯಾರ್ಕಿನ ಸಂಗೀತ ವಿಮರ್ಶಕರು ಈ ವಿಷಯದಲ್ಲಿ ನಮಗಿಂತ ಮಡಿವಂತರು ಅಂತ ತಿಳಿದದ್ದು ಪಾಪ್, ರಾಕ್ ಕೇಳುವ ಚಟ ಹತ್ತಿದ ಮೇಲೆ. ಅವರಿಗೆ ನವೆಂಬರ್ ಕೊನೆಗೇ ಶೂನ್ಯಮಾಸ ಹೊಕ್ಕಿಬಿಡುತ್ತದೆ. ಅಷ್ಟರೊಳಗೆ ‘ವರ್ಷದ 50 ಶ್ರೇಷ್ಠ ಆಲ್ಬಂಗಳು’ ಸಿದ್ಧವಾಗಿ, ಒಂದನೆಯದಕ್ಕೆ ಹಾರ ಬಿದ್ದು, 37ನೆಯದು 36ನೆಯದಾಗಬೇಕಿತ್ತು ಅನ್ನುವ ಜಗಳವೂ ತಣ್ಣಗಾಗಿರುತ್ತದೆ. ಮುಗಿಯದೆ ಉಳಿದಿರುವುದು ವರ್ಷ ಒಂದೇ.

ಈ ಶಾಸ್ತ್ರ ಗೊತ್ತಿಲ್ಲದವರು ಅನುಭವಿಸುತ್ತಾರೆ. 2013ರ ಡಿಸೆಂಬರ್ 13ರಂದು ಬಿಯಾನ್ಸೆ ಯಾರಿಗೂ ಸುಳಿವು ಕೊಡದೆ ತಮ್ಮದೇ ಹೆಸರಿನ ಆಲ್ಬಮ್ಮನ್ನು, 14 ಹಾಡು 17 ವಿಡಿಯೊ ಸಮೇತ, ಆ್ಯಪಲ್‌ನ ಆನ್‌ಲೈನ್ ಹಾಡಿನಂಗಡಿ ಐಟ್ಯೂನ್ಸಿಗೆ ಬಿಟ್ಟರು. ಅಮೆರಿಕದಲ್ಲಿ ಮೂರೇ ದಿನಕ್ಕೆ 6 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ವಿಮರ್ಶಕರ ಅವಸ್ಥೆ ನೆನೆದರೆ ಈಗಲೂ ಅಯ್ಯೋ ಅನಿಸುತ್ತದೆ. ಊಟ ಬಡಿಸಿ, ಎಲೆ ಎತ್ತಿ, ನೆಲ ಒರೆಸಿದ ಮೇಲೆ ಮದುಮಗಳು ಬಂದಿದ್ದಾಳೆ! ಮರುವರ್ಷ ಡಿಸೆಂಬರ್ 15ಕ್ಕೆ ಅಮೆರಿಕದ ಗಾಯಕ ಡಿಏಂಜೆಲೋ ‘ಬ್ಲ್ಯಾಕ್ ಮೆಸ್ಸಾಯ’ ಹಿಡಿದು ಬಂದ. ಹಿಂದಿನ ಆಲ್ಬಂ ತಂದು 14 ವರ್ಷ ವನವಾಸವಿದ್ದವನು. ಇನ್ನೊಂದು ಹದಿನೈದು ದಿನ ಕಾಯಬಾರದಿತ್ತೇ, ಪುಣ್ಯಾತ್ಮ? (ನನ್ನನ್ನು ಕೇಳಿದರೆ ಆ ವರ್ಷದ ಪಟ್ಟಿಗಳಲ್ಲಿದ್ದ ಮುಕ್ಕಾಲು ಪಾಲನ್ನು ಆ ಒಂದು ಆಲ್ಬಮ್ಮಿಗೆ ನಿವಾಳಿಸಿ ಎಸೆಯಬಹುದು. ನನ್ನನ್ನು ಯಾರೂ ಕೇಳಲಿಲ್ಲ.)

ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿ ಗ್ರ್ಯಾಮಿಯವರ ಪಂಚಾಂಗ ಇದಕ್ಕಿಂತ ಗಹನ. ಯಾವ ಆಲ್ಬಂ ಸ್ಪರ್ಧೆಗೆ ಅರ್ಹ ಅಂತ ಲೆಕ್ಕ ಹಾಕುವ ಅವರ ಸಂವತ್ಸರ ಬಹುಕಾಲ ಅಕ್ಟೋಬರ್ 1ಕ್ಕೆ ಹುಟ್ಟಿ ಸೆಪ್ಟೆಂಬರ್ 30ಕ್ಕೆ ಸಾಯುತ್ತಿತ್ತು; ಈಗೀಗ ಆಗಸ್ಟ್ ಕೊನೆಗೇ ಪ್ರಾಣ ಬಿಡುತ್ತಿದೆ. ಪ್ರಶಸ್ತಿ ಕೊಡುವುದು ಫೆಬ್ರುವರಿ ಸುಮಾರಿಗೆ, ಅಂದರೆ ಆರನೇ ತಿಂಗಳ ಮಾಸಿಕಕ್ಕೆ ಹತ್ತಿರ. ಹೀಗಾಗಿ ಟೇಲರ್ ಸ್ವಿಫ್ಟ್ 2014ರಲ್ಲಿ ತಂದ, ‘1989’ ಎಂಬ ಹೆಸರಿನ ಆಲ್ಬಂ 2016ರಲ್ಲಿ ‘ವರ್ಷದ ಆಲ್ಬಂ’ ಆಯಿತು. ಯಾವ ವರ್ಷದ್ದು ಅಂತ ಕೇಳಬೇಡಿ. ಅದನ್ನೇ ಆಕೆ ಮತ್ತೆ ಹಾಡಿ 2023ರಲ್ಲಿ ಬಿಡುಗಡೆ ಮಾಡಿದ್ದೂ ಇದೆ, ಲೆಕ್ಕ ಇನ್ನಷ್ಟು ಕೆಡಲಿ ಅಂತ.

ಇದೆಲ್ಲ ಬಿಡಿಗಾಸು. ದೊಡ್ಡ ವ್ಯವಹಾರ ನೋಡಬೇಕಾದರೆ ದಿ ಕ್ಲ್ಯಾಶ್ ಎಂಬ ಬ್ರಿಟಿಷ್ ರಾಕ್ ತಂಡದ ‘ಲಂಡನ್ ಕಾಲಿಂಗ್’ ಕಡೆ ಬನ್ನಿ. ಬ್ರಿಟನ್ನಿನಲ್ಲಿ ಅದು ಅಂಗಡಿಗೆ ಬಂದದ್ದು 1979ರ ಡಿಸೆಂಬರ್ 14ಕ್ಕೆ, ಅಪ್ಪಟ ಶೂನ್ಯಮಾಸದ ಹೊಸ್ತಿಲಲ್ಲಿ. ಅಮೆರಿಕ ತಲುಪುವಾಗ 1980ರ ಜನವರಿ. ಹತ್ತು ವರ್ಷ ಕಳೆದು 1989ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ಎಂಬತ್ತರ ದಶಕದ ಸರ್ವಶ್ರೇಷ್ಠ ಆಲ್ಬಂ ಯಾವುದೆಂದು ಅಳೆದು ತೂಗಿ ಘೋಷಿಸಿತು: ‘ಲಂಡನ್ ಕಾಲಿಂಗ್’. ಆ ದಶಕವಿಡೀ ಗಿಟಾರ್ ಹಿಡಿದು ಬೆವರು ಸುರಿಸಿದವರು ಸುರಿಸಿದ್ದೇ ಬಂತು. ಲಂಡನ್ನಿನ ಅಂಗಡಿಗಳಲ್ಲಿ ದಶಕ ಶುರುವಾಗುವ ಮೊದಲೇ ಬಹುಮಾನ ಬಿಕರಿಯಾಗಿತ್ತು. ಆಲ್ಬಂ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ದಶಕದ ತಪ್ಪು.

ವಿಮರ್ಶಕರನ್ನು ಬಿಟ್ಟು ಸ್ವಂತ ಕಿವಿಯನ್ನೇ ನಂಬೋಣವೆಂದರೆ ಅದರ ಲೆಕ್ಕವೂ ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ ಕೈಯಲ್ಲಿದೆ. ಡಿಸೆಂಬರ್ ಮೊದಲ ವಾರದ ಸುಮಾರಿಗೆ ‘ರ‍್ಯಾಪ್ಡ್’ ಅಂತ ಬಣ್ಣಬಣ್ಣದ ಜಾತಕ ಬರುತ್ತದೆ: ಈ ವರ್ಷ ನೀವು ಕೇಳಿದ್ದು ಇಷ್ಟು, ಮೆಚ್ಚಿದ್ದು ಇವರನ್ನು. ಎಣಿಕೆ ಅದಕ್ಕೂ ಕೆಲವು ವಾರ ಮುಂಚೆಯೇ ನಿಂತಿರುತ್ತದೆ. ಆಮೇಲೆ ನೀವು ಕೇಳಿದ್ದು ಗಾಳಿಗೆ ಹೋಯಿತು. 2025ರಲ್ಲಿ ಅದು ‘ಕೇಳುವ ವಯಸ್ಸು’ ಎಂಬುದನ್ನೂ ಗುಣಿಸಿ ಕೊಟ್ಟಿತು. ಹಳೆಯ ಹಾಡುಗಳ ಗೀಳಿದ್ದ ಕಾಲೇಜು ಹುಡುಗರು ರಾತ್ರೋರಾತ್ರಿ ಹಿರಿಯ ನಾಗರಿಕರಾದರು. ಅವರು ಬೇಸರಪಟ್ಟರೇ? ಇಲ್ಲ, ಸ್ಟೇಟಸ್ಸಿಗೆ ಹಾಕಿಕೊಂಡರು.

ಹಾಗಾದರೆ ಡಿಸೆಂಬರ್‌ನಲ್ಲಿ ಆ ಜನ ಕೇಳುವುದೇನು? ಮರಾಯಾ ಕ್ಯಾರಿಯ ಕ್ರಿಸ್‌ಮಸ್ ಹಾಡು. 1994ರದ್ದು. ಅಮೆರಿಕದ ಜನಪ್ರಿಯ ಹಾಡುಗಳನ್ನು ಎಣಿಸುವ ಬಿಲ್‌ಬೋರ್ಡ್‌ನ ಹಾಟ್ 100 ಪಟ್ಟಿಯಲ್ಲಿ ಅದು ಮೊದಲ ಬಾರಿ ಒಂದನೇ ಸ್ಥಾನಕ್ಕೇರಿದ್ದು 2019ರಲ್ಲಿ, ಬೆಳ್ಳಿಹಬ್ಬದ ಹೊತ್ತಿಗೆ. ಹೊಸದಕ್ಕೆ ಮುಹೂರ್ತವಿಲ್ಲದ ತಿಂಗಳಲ್ಲಿ ಮೂವತ್ತು ವರ್ಷದ ಹಳೆಯ ಹಾಡು ಮಾತ್ರ ಚಾಲ್ತಿ.

ಆಲ್ಬಂ ಮಾಡಿಟ್ಟುಕೊಂಡು ಮುಹೂರ್ತ ಹುಡುಕುತ್ತಿರುವವರಿಗೆ ಒಂದು ಕಿವಿಮಾತು. ಡಿಸೆಂಬರ್ ಬೇಡವೆಂದು ಜನವರಿಗೆ ಹಾರಬೇಡಿ. ಡೇವಿಡ್ ಬೋವಿ 2016ರ ಜನವರಿ 8ಕ್ಕೆ, ತಮ್ಮ 69ನೇ ಹುಟ್ಟುಹಬ್ಬದಂದು, ‘ಬ್ಲ್ಯಾಕ್‌ಸ್ಟಾರ್’ ಕೊಟ್ಟು ಎರಡು ದಿನಕ್ಕೆ ತೀರಿಕೊಂಡರು. 2017ರ ಗ್ರ್ಯಾಮಿಯಲ್ಲಿ ಅದು ‘ವರ್ಷದ ಆಲ್ಬಂ’ ಸ್ಪರ್ಧೆಯ ಅಂತಿಮ ಪಟ್ಟಿಯಲ್ಲೇ ಇರಲಿಲ್ಲ. ಗೆದ್ದದ್ದು ಅಡೆಲ್, 2015ರ ನವೆಂಬರ್‌ನಲ್ಲಿ ಬಂದ ‘25’ ಹಿಡಿದು. 25 ಅಂದರೆ ಆಕೆಯ ವಯಸ್ಸು. ಪ್ರಶಸ್ತಿ ಕೈಗೆ ಬರುವಾಗ 28 ಆಗಿತ್ತು. ವೇದಿಕೆ ಹತ್ತಿದವರು ಬಿಯಾನ್ಸೆಯ ಆಲ್ಬಮ್ಮನ್ನೇ ಬಾಯ್ತುಂಬ ಹೊಗಳಿದರು. ಬೋವಿಯ ಆಲ್ಬಮ್ಮಿಗೂ ಅನ್ಯಾಯವಾಗಲಿಲ್ಲ ಬಿಡಿ, ಐದು ಗ್ರ್ಯಾಮಿ ಬಂದವು. ಒಂದು ಅದರ ಕವರಿಗೆ.